ಮನೆಯ ಜಗುಲಿಯ ಮೇಲಿನ ಬೆಳ್ಳಿಯ ಚರಿತ್ರೆ

ಶಿವಯೋಗಿ ಸಿದ್ಧರಾಮರ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. 12ನೆಯ ಶತಮಾನದಲ್ಲಿ ಅವರು ಕೆರೆ ತೋಡಿಸಿ, ಕನ್ನಡದಲ್ಲಿ ವಚನಗಳನ್ನು ನುಡಿದ ಈ ನೆಲದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಾಸನಗಳಲ್ಲಿ, ಗುಡಿಗಳಲ್ಲಿ ಹುಡುಕುತ್ತೇವೆ. ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಲಿಂಗಾಯತ ಮನೆಗಳ ಜಗುಲಿಯ ಮೇಲೆ ಅಂಗೈಯಗಲದ ಇನ್ನೊಂದು ದಾಖಲೆಯಿದೆ. ಅದು ಇಷ್ಟಲಿಂಗವನ್ನಿಡುವ ಬೆಳ್ಳಿಯ ಕರಡಿಗೆ.

ಆಕಾರಕ್ಕೆ ತಕ್ಕಂತೆ ಇದರ ಹೆಸರೂ ಬೇರೆ. ದುಂಡಾಗಿದ್ದರೆ ಗುಂಡಗಡಿಗೆ, ನಾಲ್ಕು ಮೂಲೆಗಳಿದ್ದರೆ ಚೌಕ. ಎರಡೂ ಬದಿಗಳಲ್ಲಿ ಶಿವದಾರ ಪೋಣಿಸುವ ಕುಣಿಕೆಗಳು, ಮೇಲೆ ಮುಚ್ಚಳ. ಪತ್ತಾರನು ಬೆಳ್ಳಿಯ ತೆಳುತಗಡನ್ನು ಅರಗಿನ ಮೆತ್ತೆಯ ಮೇಲೆ ಕೂರಿಸಿ, ಹಿಂಬದಿಯಿಂದ ಬಡಿದು ಹೂವು, ಬಳ್ಳಿ, ನಂದಿಯ ರೂಪಗಳನ್ನು ಉಬ್ಬಿಸುತ್ತಾನೆ. ಬಳಿಕ ತಗಡನ್ನು ಮಗುಚಿ, ಸಣ್ಣ ಉಳಿಗಳಿಂದ ಎಸಳು, ಗೆರೆಗಳನ್ನು ತಿದ್ದುತ್ತಾನೆ. ಅಂಚಿಗೆ ತಂತಿಯನ್ನೂ ರವೆಯಂತಹ ಬೆಳ್ಳಿಯ ಕಾಳುಗಳನ್ನೂ ಬಿಳಿಗಾರ ಹಾಕಿ ಬೆಸೆಯುತ್ತಾನೆ. ಬೆಸುಗೆಯ ಉರಿ ಕ್ಷಣಮಾತ್ರ ಹೆಚ್ಚಾದರೂ ಕಾಳುಗಳು ಕರಗಿ, ಹಲವು ದಿನಗಳ ದುಡಿಮೆ ಹಾಳಾಗುತ್ತದೆ.

ಈ ಬೆಳ್ಳಿಗೆ ಬಹುಕಾಲ ನಾಣ್ಯವೇ ಆಕರವಾಗಿತ್ತು. ಹಿರಿಯರು ನೆನೆಯುವ ‘ರಾಣಿ ಛಾಪಿನ’ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿತ್ತು. ಅದರ 12 ಪಾಲಿನಲ್ಲಿ 11 ಪಾಲು ಬೆಳ್ಳಿ. ಆದುದರಿಂದ ರೂಪಾಯಿಗಳನ್ನು ಎಣಿಸಿ ಕೊಟ್ಟರೆ ಒಡವೆಯ ತೂಕವೂ ಲೆಕ್ಕಕ್ಕೆ ಸಿಕ್ಕಂತೆಯೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. 1947ರಲ್ಲಿ ಬೆಳ್ಳಿಯ ಸ್ಥಾನಕ್ಕೆ ನಿಕ್ಕಲ್ ಬಂದಿತು.

ಅರಸೊತ್ತಿಗೆಗಳೂ ಬದಲಾದವು. ಭೋಸಲೆ ಮನೆತನದ ಅಕ್ಕಲಕೋಟೆ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವು ರೂಪುಗೊಂಡಿತು. ಕಚೇರಿಯ, ಪೇಟೆಯ ಮಾತು ಮರಾಠಿಯಾದರೂ ಅನೇಕ ಮನೆಗಳ ಜಗುಲಿಯ ಮುಂದಿನ ಮಾತು ಕನ್ನಡವಾಗಿಯೇ ಉಳಿಯಿತು. ಕರಡಿಗೆ, ಶಿವದಾರ, ಗುಂಡಗಡಿಗೆ ಎಂಬ ಮಾತುಗಳನ್ನು ನಾವು ಕಲಿತದ್ದು ಅಲ್ಲಿಯೇ.

ಲಿಂಗೈಕ್ಯರಾದವರ ಇಷ್ಟಲಿಂಗವು ಅವರೊಡನೆಯೇ ಸಮಾಧಿ ಸೇರುವುದು ರೂಢಿ. ಮನೆಯಲ್ಲಿ ಉಳಿದ ಕರಡಿಗೆಯೇ ಆ ಜೀವದ ಗುರುತು. ಇಂದು ಅದನ್ನು ಹಳತೆಂದು ಅಂಗಡಿಗೆ ಒಯ್ದರೆ ತಕ್ಕಡಿಯು ತೂಕವನ್ನಷ್ಟೇ ಹೇಳುತ್ತದೆ. ಕುಸುರಿಗೆ ಬೆಲೆಯಿಲ್ಲ, ಮೂಸೆಗೆ ಬಿದ್ದ ಮೇಲೆ ಅದನ್ನು ಮರಳಿ ಪಡೆಯುವ ದಾರಿಯೂ ಇಲ್ಲ. ದೂರದ ಸಂಗ್ರಾಹಕರ ಕೈಸೇರಿದ ಕರಡಿಗೆಯಾದರೋ ರೂಪದಲ್ಲಿ ಉಳಿಯುತ್ತದೆ; ಅದನ್ನು ಧರಿಸಿದವರು ಯಾರು, ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದು ಅಳಿಯುತ್ತದೆ.

ಶಾಲೆಗೆ ನೂರು ತುಂಬಿದ ಈ ವರ್ಷ ಪಾಲಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿನಂತಿ. ಕರಗಿಸುವ ಮುನ್ನ ಒಂದು ಚಿತ್ರ ತೆಗೆದಿಡಿ. ಧರಿಸಿದವರ ಹೆಸರು, ತೂಕ, ಮಾಡಿಸಿದ ಊರು, ಅಜ್ಜಿ ಅದನ್ನು ಕರೆಯುತ್ತಿದ್ದ ಮಾತು, ಇಷ್ಟನ್ನು ಮಗುವಿನ ಕೈಯಿಂದಲೇ ಕನ್ನಡದಲ್ಲಿ ಬರೆಯಿಸಿರಿ.