ಮೆಥೊಟ್ರೆಕ್ಸೇಟ್ ಔಷಧದ ಪೂರ್ವವೃತ್ತಾಂತ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿಯೂ ಕೀಲುವಾತದ ರೋಗಿಗಳಿಗೆ ವೈದ್ಯರು ಇಂದು ವಿಧಿಸುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯು ಮೊದಲು ಅರ್ಬುದರೋಗಕ್ಕೆಂದು ಬಳಕೆಗೆ ಬಂದುದು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ನೀಲಗಿರಿಗೆ ಏರುವ ದಾರಿಯ ಆಚೆ ಕೊನೆಯಲ್ಲಿ ಇದರ ಚರಿತ್ರೆಯ ಒಂದು ಎಳೆಯುಂಟೆಂಬುದನ್ನು ವಾಚಕರು ಗಮನಿಸಬೇಕು.

ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು 1928ರಲ್ಲಿ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೋಧಿಸಲು ಮುಂಬಯಿಗೆ ಬಂದರು. ಮರುವರ್ಷ ಕೆಲವು ತಿಂಗಳು ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸಮಾಡಿದರು. ಯೀಸ್ಟಿನ ಸಾರದಿಂದ ಆ ರೋಗವು ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಗುಣಕ್ಕೆ ಕಾರಣವಾದ ದ್ರವ್ಯವೇ ಫೋಲಿಕ್ ಆಮ್ಲ. ಎಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಈ ಹೆಸರು 1941ರಲ್ಲಿ ಬಂದಿತು. ಭೀಮವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರ ನೇತೃತ್ವದಲ್ಲಿ ಅಮೆರಿಕೆಯ ಲೆಡರ್ಲೆ ಪ್ರಯೋಗಶಾಲೆಯು 1945ರ ವೇಳೆಗೆ ಅದನ್ನು ಕೃತಕವಾಗಿ ನಿರ್ಮಿಸಿತು. ಅನಂತರ ಅಲ್ಲಿಯೇ ಅದರ ವೇಷವನ್ನು ತಳೆದು ಅದರ ಕಾರ್ಯವನ್ನು ತಡೆಯುವ ಅಮಿನಾಪ್ಟರಿನ್, ಮೆಥೊಟ್ರೆಕ್ಸೇಟ್‌ಗಳು ಹುಟ್ಟಿದುವು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟರಿನ್ನಿನಿಂದ ರಕ್ತಾರ್ಬುದದ ಮಕ್ಕಳಲ್ಲಿ ತಾತ್ಕಾಲಿಕ ಉಪಶಮನವನ್ನು ಕಂಡರು. ಸುಬ್ಬರಾಯರು ಅದೇ ವರ್ಷ ತೀರಿಕೊಂಡರು.

ದೇಹದ ರಕ್ಷಣಾಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕೀಲುವಾತಕ್ಕೆ ಅಮಿನಾಪ್ಟರಿನ್ನಿನ ಉಪಯೋಗವುಂಟೆಂದು ಗುಬ್ನರ್ 1951ರಲ್ಲಿಯೇ ತೋರಿಸಿದರೂ, ವಿಷವೆಂಬ ಭಯ ವೈದ್ಯರನ್ನು ಬಹುಕಾಲ ಹಿಂದೆಗೆಯಿಸಿತು. ಅಮೆರಿಕೆಯ ಸರ್ಕಾರವು ಈ ರೋಗಕ್ಕೆ ಮೆಥೊಟ್ರೆಕ್ಸೇಟನ್ನು ಅಂಗೀಕರಿಸಿದುದು 1988ರಲ್ಲಿ. ಆ ಭಯವು ಬರಿಯ ಭ್ರಮೆಯಲ್ಲ. ಕೀಲುವಾತಕ್ಕೆ ವಿಧಿಸುವ ಪ್ರಮಾಣ ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ; ಅದೂ ವಾರಕ್ಕೆ ಒಂದೇ ದಿನ. ಮೈತಪ್ಪಿ ದಿನವೂ ನುಂಗಿದವರಲ್ಲಿ ಬಾಯಿ ಹುಣ್ಣಾಗಿ, ಅಸ್ಥಿಮಜ್ಜೆ ಕುಗ್ಗಿ, ಪ್ರಾಣವೇ ಹೋದ ಪ್ರಸಂಗಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ. ಆದುದರಿಂದ ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದಷ್ಟೇ ಬರೆಯದೆ ವಾರದ ಹೆಸರನ್ನೇ ಬರೆಯುವುದು ಲೇಸು. ಸೋಮವಾರವೆಂದರೆ ಮಾದಪ್ಪನ ಒಕ್ಕಲು ಮರೆಯುವುದುಂಟೆ?

ಯಾವ ದ್ರವ್ಯದ ಅರಿವು ಗರ್ಭಿಣಿಯರ ಶುಶ್ರೂಷೆಯಿಂದ ದೊರೆಯಿತೋ ಅದರ ಈ ವೈರಿಯು ಗರ್ಭಿಣಿಯರಿಗೆ ಸರ್ವಥಾ ವರ್ಜ್ಯ. ಶಿಶುವಿಗೆ ಅಂಗವೈಕಲ್ಯ, ಗರ್ಭಪಾತಗಳು ಸಂಭವಿಸುತ್ತವೆ. ಮದ್ಯಪಾನವು ಯಕೃತ್ತಿನ ಅಪಾಯವನ್ನು ಹೆಚ್ಚಿಸುವುದು. ರಕ್ತ, ಯಕೃತ್ತು, ಮೂತ್ರಪಿಂಡಗಳನ್ನು ಆಗಾಗ ಪರೀಕ್ಷಿಸಬೇಕು. ಕೋಟ್ರೈಮಾಕ್ಸಜೋಲ್ ಎಂಬ ಸಾಮಾನ್ಯ ಮಾತ್ರೆಯೂ ಇದರೊಡನೆ ಸೇರಿದರೆ ಮಾರಕವಾಗಬಹುದು. ಬಾಯಿಹುಣ್ಣು, ಓಕರಿಕೆಗಳನ್ನು ತಗ್ಗಿಸಲು ವೈದ್ಯರು ಸಾಮಾನ್ಯವಾಗಿ ಬೇರೊಂದು ದಿನ ಫೋಲಿಕ್ ಆಮ್ಲವನ್ನೇ ಕೊಡುತ್ತಾರೆ. ಮಾತ್ರೆ ಮಿತಿಮೀರಿದಾಗ ಮಾತ್ರ ಅದು ಸಾಲದು; ಔಷಧವು ತಡೆದ ಹಂತವನ್ನು ದಾಟಿಸುವ ಫೋಲಿನಿಕ್ ಆಮ್ಲವನ್ನು ಆಸ್ಪತ್ರೆಯಲ್ಲಿ ತಡವಿಲ್ಲದೆ ಕೊಡಬೇಕಾಗುತ್ತದೆ.