ಮೂರಕ್ಷರದ ಹೆಸರು

ನಮ್ಮ ಸೀಮೆಯ ಹೆಸರುಗಳ ಕಟ್ಟಡವೇ ಒಂದು ಸ್ವಾರಸ್ಯ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಕಡೆಗೆ ತನ್ನದೊಂದು. ಮೂರೂ ಸೇರಿ ಕ್ರಮೇಣ ಆ ಮನುಷ್ಯನೇ ಆಗಿಬಿಡುತ್ತವೆ. ನನ್ನ ಸ್ನೇಹಿತರೊಬ್ಬರನ್ನು ನಾವೆಲ್ಲ ಪಿ.ಆರ್.ಎನ್. ಎಂದೇ ಕರೆಯುತ್ತಿದ್ದೆವು. ಅವರ ಪೂರ್ತಿ ಹೆಸರು ಬೇಕಾಗುತ್ತಿದ್ದುದು ಪಿಂಚಣಿಯ ಕಾಗದಕ್ಕೆ ಮಾತ್ರ. ಈ ಮೂರು ಅಕ್ಷರಗಳಿಂದ 1995ರಲ್ಲಿ ನನಗೊದಗಿದ ಪೇಚಿನ ಮೂಲವನ್ನು ಅರಸುತ್ತ ಹೋದವನಿಗೆ ಒಂದು ಸಣ್ಣ ಚರಿತ್ರೆಯೇ ಸಿಕ್ಕಿತು.

ಪಿ.ಆರ್.ಎನ್. ಪುಸ್ತಕ ಬರೆದವರಲ್ಲ; ಕಾಗದ ಬರೆದವರು. ಅವರು ತೀರಿಕೊಂಡ ಮೇಲೆ ಆ ಕಾಗದಗಳನ್ನು ಸೇರಿಸಿ ಚಿಕ್ಕದೊಂದು ಪುಸ್ತಕ ಮಾಡಬೇಕೆಂದು ನಾಲ್ಕೈದು ಜನ ನಿಶ್ಚಯಿಸಿದೆವು. ಇದ್ದವರ ಮನೆಗಳಿಗೆ ಹೋಗಿ, ಜೋಪಾನವಾಗಿ ಹಿಂದಿರುಗಿಸುವ ಮಾತು ಕೊಟ್ಟು, ಮೂವತ್ತನಾಲ್ಕು ಪತ್ರಗಳನ್ನು ತಂದೆ. ನನ್ನ ಅಕ್ಕನ ಮಗನ ಮನೆಯಲ್ಲಿ ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರ್ ಒಂದಿತ್ತು. ಅದಕ್ಕೆ ಕನ್ನಡ ಬಾರದು. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡವನ್ನು ಒತ್ತುತ್ತ, ಎರಡು ತಿಂಗಳ ಮಧ್ಯಾಹ್ನಗಳನ್ನು ಅದರ ಮುಂದೆ ಕಳೆದೆ. ಪ್ರತಿ ಮುಗಿದಂತೆಲ್ಲ ಮೂಲಪತ್ರಗಳನ್ನು ಒಡೆಯರಿಗೆ ಮುಟ್ಟಿಸಿಬಿಟ್ಟೆ.

ಕೊನೆಯ ದಿನ, ಎಲ್ಲವೂ ಇದ್ದ ಒಂದೇ ಫೈಲನ್ನು ಫ್ಲಾಪಿಗೆ ನಕಲು ಮಾಡಲು ಕುಳಿತೆ. ಡಾಸ್ ಕಾಲದ ಯಂತ್ರ; ಹೆಸರಿಗೆ ಎಂಟು ಅಕ್ಷರ, ಚುಕ್ಕಿಯ ಆಚೆ ಮೂರು, ಅಷ್ಟೇ ಸ್ಥಳ. ಫ್ಲಾಪಿಯಲ್ಲಿ ಅದಕ್ಕೆ ಸ್ನೇಹಿತರ ಹೆಸರನ್ನೇ ಇಡೋಣವೆನ್ನಿಸಿ ಪಿ, ಆರ್, ಎನ್ ಎಂದೊತ್ತಿ, ಚುಕ್ಕಿ ಹಾಕಿ, ಬಾಲ ಸೇರಿಸಿದೆ. ತಕ್ಷಣವೇ ಪಕ್ಕದ ಮೇಜಿನ ಮೇಲಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕಿರ್ರೆಂದು ಅರಚಲಾರಂಭಿಸಿತು. ತೂತುಗಳ ಅಂಚಿನ ಕಾಗದ ಸುರುಳಿ ಬಿಚ್ಚುತ್ತ ನೆಲಕ್ಕಿಳಿಯಿತು. ಅದರ ಮೇಲೆ ಸತ್ತ ಸ್ನೇಹಿತರ ಮಾತುಗಳು. ಒಂದು ಗಳಿಗೆ ಮೈ ಜುಮ್ಮೆಂದಿತೆಂದರೆ ಓದುಗರು ನಗಬಾರದು. ಹುಡುಗ ಹಿಂದೆ ಎಂದೋ ಕೊಟ್ಟಿದ್ದ ಅಪ್ಪಣೆ ಈಗ ಜಾರಿಯಾಗುತ್ತಿರಬೇಕೆಂದು ಸಮಾಧಾನ ಮಾಡಿಕೊಂಡೆ. ಪರದೆಯ ಮೇಲಂತೂ ಒಂದು ಫೈಲು ನಕಲಾಯಿತೆಂಬ ಒಕ್ಕಣೆ ಸ್ಪಷ್ಟವಾಗಿತ್ತು. ಡಿಸ್ಕಿನಲ್ಲಿ ಜಾಗ ಸಾಲದೆಂದು ಹುಡುಗ ಬೆಳಿಗ್ಗೆಯೇ ಗೊಣಗಿದ್ದ. ಅವನಿಗೆ ಉಪಕಾರವಾಗಲೆಂದು ಮೂಲ ಫೈಲನ್ನು ಅಳಿಸಿದೆ. ಫ್ಲಾಪಿಯನ್ನು ತೆರೆದು ನೋಡುವ ಬುದ್ಧಿ ಬರಲಿಲ್ಲ, ತಪ್ಪು ನನ್ನದೇ.

ಮರುದಿನ ನೋಡಿದರೆ ಫ್ಲಾಪಿ ಬರಿದು. ಅಳಿಸಿದ್ದನ್ನು ಹಿಂದಕ್ಕೆ ತರುವ ಉಪಾಯವೊಂದು ಡಾಸಿನಲ್ಲಿತ್ತು. ಆದರೆ ಅಷ್ಟರಲ್ಲಿ ಹುಡುಗ ಆ ಜಾಗದ ಮೇಲೆ ಇನ್ನೇನೋ ತುಂಬಿಯಾಗಿತ್ತು. ಉಳಿದದ್ದು ನೆಲದ ಮೇಲಿನ ಕಾಗದದ ಸುರುಳಿ ಮಾತ್ರ.

ಮೊದಲು ಫ್ಲಾಪಿಯನ್ನೇ ಶಂಕಿಸಿದೆವು. ಹೊಸದೊಂದನ್ನು ತಂದು, ನಾಲ್ಕು ಸಾಲಿನ ಬೇರೊಂದು ಫೈಲನ್ನು ಅದೇ ಹೆಸರಿನಲ್ಲಿ ಕಳಿಸಿದೆವು. ಆ ನಾಲ್ಕು ಸಾಲೂ ಪ್ರಿಂಟರಿಗೇ ಹೋದವು. ಬಾಲ ಬದಲಾಯಿಸಿದರೂ ಅದೇ ಕಥೆ. ಪ್ರಿಂಟರಿನ ಸ್ವಿಚ್ಚು ಆರಿಸಿದಾಗ ಯಂತ್ರ ಸ್ವಲ್ಪ ಹೊತ್ತು ಕಾದು, ಬರೆಯಲಾಗುತ್ತಿಲ್ಲ, ಕೈಬಿಡಲೋ ಮತ್ತೆ ಪ್ರಯತ್ನಿಸಲೋ ಎಂದು ಕೇಳಿತು. ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿದೆವು. ಫೈಲು ಸದ್ದಿಲ್ಲದೆ ಫ್ಲಾಪಿಯಲ್ಲಿ ಕುಳಿತಿತು! ಹುಡುಗ ಕೈಪಿಡಿ ತಿರುವಿ ಹಾಕಿ, "ಮಾವ, ಅದು ಪ್ರಿಂಟರಿನ ಹೆಸರು. ನೀವು ಇಡೋ ಹಾಗಿಲ್ಲ" ಎಂದ.

ಪ್ರಿಂಟರಿಗೆ ಹೆಸರಿರಲಿ, ಬೇಡವೆನ್ನುವವರಾರು? ಆ ಹೆಸರು ಇನ್ನೊಬ್ಬರಿಗೆ ಏಕೆ ನಿಷಿದ್ಧ? ಈ ಪ್ರಶ್ನೆಗೆ ಉತ್ತರ ದೊರೆಯಲು ನನಗೆ ಕೆಲವು ವರ್ಷಗಳೇ ಹಿಡಿದವು.

ಕಥೆ 1970ರ ದಶಕದ ಕ್ಯಾಲಿಫೋರ್ನಿಯದಿಂದ ಹೊರಡುತ್ತದೆ. ಅಲ್ಲಿ ಗ್ಯಾರಿ ಕಿಲ್ಡಾಲ್ ಎಂಬವರು ಸಣ್ಣ ಕಂಪ್ಯೂಟರುಗಳಿಗಾಗಿ ಸಿ.ಪಿ.ಎಂ. ಎಂಬ ವ್ಯವಸ್ಥೆಯನ್ನು ರಚಿಸಿದರು. ಅದರಲ್ಲಿ ನಕಲು ಮಾಡುವ ಪ್ರೋಗ್ರಾಮಿಗೆ ಫೈಲಿನ ಹೆಸರಿಗೆ ಬದಲಾಗಿ ಸಾಧನದ ಹೆಸರನ್ನೂ ಹೇಳಬಹುದಾಗಿತ್ತು: ಪರದೆ ಮತ್ತು ಕೀಲಿಮಣೆಗೆ 'ಕಾನ್', ಅಚ್ಚಿಗೆ 'ಎಲ್.ಎಸ್.ಟಿ.', ಕಾಗದದ ಪಟ್ಟಿಗೆ ತೂತು ಹೊಡೆಯುವ ಯಂತ್ರಕ್ಕೆ ಇನ್ನೊಂದು. ಆದರೆ ಕೊನೆಯಲ್ಲಿ ಒಂದರ ಮೇಲೊಂದು ಎರಡು ಚುಕ್ಕಿ, ಅಂದರೆ ಕೋಲನ್, ಇರಬೇಕು. ಆ ಚುಕ್ಕಿಗಳು ಹಣೆಯ ಮೇಲಿನ ನಾಮದಂತೆ. ಇವರು ಯಾವ ಪೈಕಿ ಎಂದು ದೂರದಿಂದಲೇ ತಿಳಿಯುತ್ತಿತ್ತು.

1980ರಲ್ಲಿ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಚಿಕ್ಕ ಸಂಸ್ಥೆಯಲ್ಲಿದ್ದ ಟಿಮ್ ಪ್ಯಾಟರ್ಸನ್, ಸಿ.ಪಿ.ಎಂ.ನ ರೀತಿಯನ್ನೇ ಬಹುಮಟ್ಟಿಗೆ ಅನುಸರಿಸಿ ಹೊಸ ವ್ಯವಸ್ಥೆಯೊಂದನ್ನು ಬರೆದರು. ಅದನ್ನು ಮೈಕ್ರೋಸಾಫ್ಟ್ ಕೊಂಡಿತು. 1981ರ ಆಗಸ್ಟಿನಲ್ಲಿ ಐ.ಬಿ.ಎಂ. ಪಿ.ಸಿ. ಹೊರಬಂದಾಗ ಅದರೊಡನೆ ಬಂದ ಡಾಸ್ ಇದೇ. ಇಲ್ಲಿ ಚುಕ್ಕಿಗಳ ಕಟ್ಟುಪಾಡು ಸಡಿಲವಾಯಿತು. 'ಕಾನ್', 'ಆಕ್ಸ್', 'ಪಿ.ಆರ್.ಎನ್.', 'ನಲ್' ಮೊದಲಾದ ಹೆಸರುಗಳನ್ನು ಯಾವ ಪ್ರೋಗ್ರಾಮು ಕೇಳಿದರೂ ವ್ಯವಸ್ಥೆಯೇ ಗುರುತಿಸಿ ಸಾಧನಕ್ಕೆ ದಾರಿ ಮಾಡಿಕೊಡುತ್ತಿತ್ತು. ಫೈಲಿಗೆ ಬರೆಯಬಲ್ಲ ಪ್ರೋಗ್ರಾಮು ಹೊಸದೇನೂ ಕಲಿಯದೆ ಪ್ರಿಂಟರಿಗೂ ಬರೆಯಬಲ್ಲದಾಯಿತು. 'ನಲ್' ಎಂಬುದಂತೂ ಹಾಕಿದ್ದನ್ನೆಲ್ಲ ನುಂಗಿ ಏನನ್ನೂ ಇಟ್ಟುಕೊಳ್ಳದ ಸಾಧನ. ಬೇಡವಾದದ್ದನ್ನು ಎಸೆಯಲು ಬಹಳ ಅನುಕೂಲ. ನನ್ನ ಪತ್ರಗಳು ಅಲ್ಲಿಗೆ ಹೋಗದೆ ಪ್ರಿಂಟರಿಗೆ ಹೋದದ್ದು ಪೂರ್ವಪುಣ್ಯವೆನ್ನಬೇಕು.

ಬಾಲ ಬದಲಾಯಿಸಿದರೂ ಪ್ರಯೋಜನವಾಗಲಿಲ್ಲವೆಂದೆನಷ್ಟೆ. ಅದಕ್ಕೂ ಕಾರಣವುಂಟು. ಆಗಿನ ಎಷ್ಟೋ ಪ್ರೋಗ್ರಾಮುಗಳು ಬಳಕೆದಾರ ಕೊಟ್ಟ ಹೆಸರಿಗೆ ತಾವೇ ಒಂದು ಬಾಲ ಅಂಟಿಸುತ್ತಿದ್ದವು. 'ಪಿ.ಆರ್.ಎನ್.' ಎಂದವನಿಗೆ ಅಚ್ಚಾದ ಕಾಗದ ಸಿಗಬೇಕಾದರೆ ಬಾಲವನ್ನು ಗಣನೆಗೆ ತೆಗೆದುಕೊಳ್ಳಕೂಡದು, ಆದ್ದರಿಂದ ತೆಗೆದುಕೊಳ್ಳಲಿಲ್ಲ.

ಪ್ಯಾಟರ್ಸನ್ನರನ್ನು ದೂರಲು ನನಗೆ ಮನಸ್ಸಿಲ್ಲ. ಆ ಮೊದಲ ಪಿ.ಸಿ.ಯ ಫ್ಲಾಪಿಯಲ್ಲಿ ಹಿಡಿಸುತ್ತಿದ್ದುದು 160 ಕಿಲೋಬೈಟು. ಹೆಚ್ಚೆಂದರೆ 64 ಫೈಲು. ಒಳಕೋಣೆಗಳಿಲ್ಲದ ಒಂದಂಕಣದ ಮನೆ. ಅಲ್ಲಿ ಕೆಲವು ಹೆಸರುಗಳನ್ನು ಮನೆಯ ಆಳುಗಳಿಗೆ ಮೀಸಲಿಟ್ಟರೆ ಯಾರಿಗೇನು ಕಷ್ಟ?

ತೊಡಕು ಹುಟ್ಟಿದ್ದು 1983ರಲ್ಲಿ. ಹತ್ತು ಮೆಗಾಬೈಟಿನ ಹಾರ್ಡ್ ಡಿಸ್ಕ್ ಹೊತ್ತ ಪಿ.ಸಿ. ಎಕ್ಸ್.ಟಿ. ಬಂತು. ಅಷ್ಟು ದೊಡ್ಡ ಮನೆಗೆ ಕೋಣೆಗಳು ಬೇಕಲ್ಲವೆ? ಡಾಸಿನ ಎರಡನೆಯ ಆವೃತ್ತಿ ಡೈರೆಕ್ಟರಿಗಳನ್ನು ತಂದಿತು. ಈ ಏರ್ಪಾಡು ಯೂನಿಕ್ಸಿನ ಮಾದರಿಯದು. 1969ರಲ್ಲಿ ಬೆಲ್ ಲ್ಯಾಬೊರೇಟರಿಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚೀ ಮೊದಲಾದವರು ಕಟ್ಟತೊಡಗಿದ ಆ ವ್ಯವಸ್ಥೆಯಲ್ಲೂ ಸಾಧನಗಳು ಫೈಲಿನ ವೇಷದಲ್ಲೇ ಇದ್ದವು. ಆದರೆ ಅವುಗಳಿಗೆಂದೇ 'ಡೆವ್' ಎಂಬ ಪ್ರತ್ಯೇಕ ಕೋಣೆಯಿತ್ತು. ಡಾಸಿಗೆ ಹಾಗೆ ಮಾಡುವುದು ಸುಲಭವಾಗಿರಲಿಲ್ಲ. ಡೈರೆಕ್ಟರಿ ಎಂದರೇನೆಂದು ತಿಳಿಯದ ಹಳೆಯ ಪ್ರೋಗ್ರಾಮುಗಳು ಸಾವಿರಾರು ಜನರ ಕೈಯಲ್ಲಿದ್ದವು. ಅವು ಯಾವ ಕೋಣೆಯಲ್ಲಿ ನಿಂತು 'ಪಿ.ಆರ್.ಎನ್.' ಎಂದು ಕೂಗಿದರೂ ಪ್ರಿಂಟರು ಓಗೊಡಬೇಕು. ಹೀಗಾಗಿ ಆ ಹೆಸರುಗಳು ಪ್ರತಿಯೊಂದು ಕೋಣೆಯಲ್ಲೂ ಮೀಸಲಾದವು. ಎಲ್ಲಿಯೂ ಕಾಣಿಸುವುದಿಲ್ಲ, ಎಲ್ಲೆಲ್ಲಿಯೂ ಇರುತ್ತವೆ. ಹಳಬರಿಗೆ ಕೆಲವು ವರ್ಷಗಳ ಗಡುವು ಕೊಟ್ಟು ಆಮೇಲಾದರೂ ಒಂದು ಕೋಣೆಗೆ ಸೇರಿಸಬಹುದಿತ್ತೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ವಿಂಡೋಸ್ 95 ಉದ್ದನೆಯ ಹೆಸರುಗಳಿಗೆ ಅವಕಾಶ ಕೊಟ್ಟಿತು; ಈ ಮೀಸಲಾತಿಯನ್ನು ಮಾತ್ರ ಕೈಬಿಡಲಿಲ್ಲ. ವಿಂಡೋಸ್ 95, 98ರಲ್ಲಿ 'ಕಾನ್' ಒಳಗೆ ಇನ್ನೊಂದು 'ಕಾನ್' ಇರುವಂಥ ವಿಳಾಸ ಕೊಟ್ಟರೆ ಯಂತ್ರವೇ ಸ್ತಬ್ಧವಾಗುವುದೆಂದು ಬಯಲಾಗಿ, 2000ದ ಮಾರ್ಚಿನಲ್ಲಿ ತೇಪೆ ಹಾಕಬೇಕಾಯಿತು. ಅನಂತರದ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಇಮೇಲ್ ಮೂಲಕ ಒಂದು ಸುದ್ದಿ ಊರೂರು ಸುತ್ತಿತು: 'ಕಾನ್' ಎಂಬ ಫೋಲ್ಡರು ಮಾಡಲಾಗದೆಂದು ಭಾರತೀಯನೊಬ್ಬ ಕಂಡುಹಿಡಿದನಂತೆ, ಮೈಕ್ರೋಸಾಫ್ಟಿನವರಿಗೂ ಕಾರಣ ತಿಳಿಯದಂತೆ! ನನಗೂ ಮೂರು ಸಲ ಬಂತು. ಕಾರಣವನ್ನು ವಿವರಿಸಿ ಉತ್ತರ ಬರೆದೆ. ಯಾರಿಗೂ ರುಚಿಸಿದಂತೆ ಕಾಣಲಿಲ್ಲ.

ಪತ್ರಗಳ ವಿಚಾರ ಹೇಳಬೇಕಷ್ಟೆ. ಸುರುಳಿಯನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ಮತ್ತೆ ಒತ್ತಿದೆ. ಮೂವತ್ತೆರಡು ದಕ್ಕಿದವು. ಅಚ್ಚಿನ ಕೊನೆಗೆ ಕಾಗದದ ತೂತುಗಳು ಹಲ್ಲಿನಿಂದ ಜಾರಿ, ಕಡೆಯ ಎರಡು ಪತ್ರಗಳ ಸಾಲುಗಳೆಲ್ಲ ಒಂದೇ ಗೆರೆಯ ಮೇಲೆ ಬಿದ್ದು ಕಪ್ಪು ಪಟ್ಟಿಯಾಗಿದ್ದವು. ಆ ಎರಡೂ ಒಬ್ಬ ವೃದ್ಧರಿಗೆ ಬರೆದವು. ನಾಚಿಕೆಯಿಂದ ತಡಮಾಡಿ ನಾನು ಮತ್ತೆ ಅವರ ಮನೆಗೆ ಹೋಗುವ ವೇಳೆಗೆ ಅವರು ತೀರಿಕೊಂಡಿದ್ದರು. ಮನೆ ಖಾಲಿ ಮಾಡುವಾಗ ಹಳೆಯ ಕಾಗದಗಳನ್ನೆಲ್ಲ ರದ್ದಿಗೆ ಹಾಕಿದೆವೆಂದು ಅವರ ಸೊಸೆ ಹೇಳಿದರು. ಆ ಕಪ್ಪು ಪಟ್ಟಿಯ ಹಾಳೆ ನನ್ನ ಬೀರುವಿನಲ್ಲಿದೆ. ಬೆಳಕಿಗೆ ಹಿಡಿದರೆ ಮೇಲಿನ ಅಂಚಿನಲ್ಲಿ ತಾರೀಖು ಓದಬಹುದು.