ಕೋಟೆಯೊಳಗಿನ ಓದು

ಮನಸ್ಸಿಗೆ ಕಳವಳವಾದಾಗ ಪುಸ್ತಕ ಹಿಡಿದು ಕೂರಬೇಕೆಂದು ಹಿರಿಯರು ನಮಗೆ ಹೇಳುತ್ತಿದ್ದರು. ಅದು ಎಷ್ಟರ ಮಟ್ಟಿಗೆ ನಿಜ? ಉತ್ತರ ಹುಡುಕುವಾಗಲೆಲ್ಲ ನಮಗೆ ಅಹ್ಮದ್‌ನಗರದ ಕೋಟೆ ನೆನಪಾಗುತ್ತದೆ.

1942ರ ಆಗಸ್ಟ್ 9ರಂದು ಮುಂಬೈಯಲ್ಲಿ ಬಂಧಿತರಾದ ಕಾಂಗ್ರೆಸ್ ಅಧ್ಯಕ್ಷ ಮೌಲಾನಾ ಅಬುಲ್ ಕಲಾಂ ಆಝಾದರನ್ನು ನೆಹರೂ, ಪಟೇಲ್ ಮೊದಲಾದವರೊಂದಿಗೆ ಅಲ್ಲಿ ಇರಿಸಲಾಯಿತು. ಸೆರೆಯಲ್ಲೂ ಮೌಲಾನಾ ದಿನಚರಿ ಬಿಡಲಿಲ್ಲ. ನಸುಕಿಗೆ ಮುಂಚೆ ಏಳುವುದು, ತಾವೇ ಚಹಾ ಮಾಡಿಕೊಳ್ಳುವುದು, ಬಳಿಕ ಓದು, ಬರಹ. ಮಿತ್ರ ಹಬೀಬುರ್ರಹ್ಮಾನ್ ಖಾನ್ ಶೇರ್ವಾನಿಯವರಿಗೆಂದು ಬರೆದು, ಅಂಚೆಗೆ ಹಾಕಲಾಗದೆ ಉಳಿದ ಪತ್ರಗಳು 1946ರಲ್ಲಿ ‘ಗುಬಾರೆ ಖಾತಿರ್’ ಆಗಿ ಹೊರಬಂದವು.

1943ರಲ್ಲಿ ಕಲ್ಕತ್ತಾದಿಂದ ಪತ್ನಿ ಝುಲೈಖಾ ಬೇಗಮರ ಕಾಯಿಲೆಯ ಸುದ್ದಿ ಬಂತು. ಸರಕಾರದ ಮುಂದೆ ಬೇಡಿಕೆಯಿಡಲು ಮೌಲಾನಾ ಒಪ್ಪಲಿಲ್ಲ. ಪತ್ರಿಕೆ ತರುವ ಜೈಲಧಿಕಾರಿಯ ಹೆಜ್ಜೆ ಸಪ್ಪಳ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಪತ್ರಿಕೆಯನ್ನು ಮೇಜಿನ ಮೇಲಿಡಲು ಸನ್ನೆ ಮಾಡಿ, ಅವಸರವೇ ಇಲ್ಲದವರಂತೆ ಬರವಣಿಗೆ ಮುಂದುವರಿಸುತ್ತಿದ್ದರು. ಆ ನೆಮ್ಮದಿ ಬರೀ ತೋರಿಕೆಯದೆಂದು ಅವರೇ ಒಪ್ಪಿಕೊಂಡಿದ್ದಾರೆ. ಎಪ್ರಿಲ್ 9ರಂದು ಬೇಗಂ ತೀರಿಕೊಂಡರು. ಪತಿಗೆ ಕೊನೆಯ ಬಾರಿ ಮುಖ ನೋಡುವ ಭಾಗ್ಯವೂ ಸಿಗಲಿಲ್ಲ.

ಹಾಗಾದರೆ ಓದು ಸೋತಿತೇ? ನಮಗೆ ಹಾಗೆನಿಸುವುದಿಲ್ಲ. ಓದಿಗೆ ಸಾವನ್ನು ತಡೆಯುವ ಶಕ್ತಿಯಿಲ್ಲ, ದುಃಖವನ್ನು ಅಳಿಸುವ ಶಕ್ತಿಯೂ ಇಲ್ಲ. ಕಾಯುವವನ ದಿನ ಕುಸಿಯದಂತೆ ಅದು ಆಧರಿಸುತ್ತದೆ, ಅಷ್ಟೇ. ಅದೇನು ಸಣ್ಣ ಮಾತೇ? ಬಾಲ್ಯದಿಂದ ಬೆಳೆಸಿಕೊಂಡ ರೂಢಿಯಾದ್ದರಿಂದಲೇ ಕಷ್ಟದ ದಿನ ಅದು ಮೌಲಾನಾರ ಕೈಬಿಡಲಿಲ್ಲ.

‘ಇಕ್ರಅ್’, ಓದು ಎಂಬುದೇ ನಮಗೆ ಬಂದ ಮೊದಲ ಆದೇಶ. ನೆಮ್ಮದಿಯ ದಿನಗಳಲ್ಲೇ ನಮ್ಮ ಮನೆಗಳಲ್ಲಿ ದಿನಕ್ಕೆ ನಾಲ್ಕು ಪುಟದ ರೂಢಿ ಶುರುವಾಗಲಿ.